ಹೊಣೆಯಮ್ಮನ ತೋಟ

ಗವಿಗುಡ್ಡದ ಕೆಳಗೆ ಕೆರೆ ಏರಿ ಇಳಿದರೆ ಹೊಣೆಯಮ್ಮನ ತೋಟ. ನೋಡಿ ಮುಗಿಸಲು ಒಂದು ದಿನ ಸಾಲದು. ಸಂಪಿಗೆ, ನೇರಳೆ, ಬಕುಳ, ಹಲಸು ನಮ್ಮ ನೆಲದವು. ಅವುಗಳ ನಡುವೆ ಹೊರಗಿನಿಂದ ಬಂದ ಮರಗಳು. ಕೆಲವಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ನಟ್ಟನಡುವೆ ಎರಡು ಹೊಂಗೆಗಳ ನೆರಳಲ್ಲಿ ಒಂದು ಮುದಿ ಮರ ಇದೆ. ಹಡಗಿನ ಮರ ಎನ್ನುತ್ತಾರೆ. ಅದರ ಬುಡದಲ್ಲಿ ಮುರಿದ ಬಳೆಯಂಥ ಗಾಯದ ಗುರುತು. ಬಂದವರು ಮೊದಲು ಅದನ್ನು ಮುಟ್ಟಿ ನೋಡುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಬರೀ ಕಲ್ಲುಬೋರೆ. ಆಗಿನ ಪಾಳೆಯಗಾರನಿಗೆ ತೋಟದ ಹುಚ್ಚು. ನಮ್ಮ ನೆಲದ್ದೂ ಇರಬೇಕು, ಕಡಲಾಚೆಯದ್ದೂ ಇರಬೇಕು ಎಂದು ತೋಟದ ಕೆಲಸಕ್ಕೆ ಹೆಸರಾದ ತಿಗಳರ ಮುದ್ದಗಿರಿಯನ್ನು ಕರೆಸಿದ. ಮುದ್ದಗಿರಿ, ಅವನ ಹೆಂಡತಿ ಲಕ್ಕವ್ವ ಕಲ್ಲು ಎತ್ತಿದರು, ಕೆರೆಮಣ್ಣು ಹೊತ್ತರು, ಊರ ಮರಗಳನ್ನು ಮೊದಲು ಬೆಳೆಸಿದರು. ಆಮೇಲೆ ಹಡಗಿನಲ್ಲಿ ಹತ್ತು ಸಸಿ ಬಂದವು. ದೊರೆಗೆ ಚೆನ್ನಾಗಿ ಕಾಣಲಿ ಎಂದು ಮುದ್ದಗಿರಿ ಅವನ್ನು ಬಯಲಲ್ಲಿ ನೆಟ್ಟ. ಒಂಬತ್ತು ಒಣಗಿದವು. ಹತ್ತನೆಯದನ್ನು ಲಕ್ಕವ್ವ ಮಣ್ಣುಸಮೇತ ಎತ್ತಿ ತಂದು ಹೊಂಗೆಗಳ ನಡುವೆ ಇಟ್ಟಳು. "ಹೊಸ ಸೊಸೇನ ಯಾರಾದ್ರೂ ಬಿಸಿಲಲ್ಲಿ ನಿಲ್ಲಿಸ್ತಾರಾ?" ಎಂದು ಗಂಡನನ್ನು ಬೈದಳು. ಅದು ಬದುಕಿತು. ಮನೆ ಎತ್ತರ ಬೆಳೆಯಿತು. ಹದಿಮೂರು ವರ್ಷವಾದರೂ ಒಂದು ಹೂವಿಲ್ಲ. ಪಾಳೆಯಗಾರನ ತಾಳ್ಮೆ ಕೆಟ್ಟಿತು. ಯುಗಾದಿಯೊಳಗೆ ಹೂ ಕಾಣದಿದ್ದರೆ ಮರ ಕಡಿಸುತ್ತೇನೆ, ನೀವಿಬ್ಬರೂ ಗಂಟು ಕಟ್ಟಿ ಎಂದ.

ಫಲ ಕೊಡದ ಮರವನ್ನು ಬಲಿಪಾಡ್ಯದ ಬೆಳಗ್ಗೆ ಹೆದರಿಸುವ ಪದ್ಧತಿ ತಿಗಳರಲ್ಲಿ ಇತ್ತು. ಒಬ್ಬರು ಕೊಡಲಿ ಎತ್ತಿ ಕಡೀತೀನಿ ಎನ್ನಬೇಕು. ಇನ್ನೊಬ್ಬರು ಅಡ್ಡ ಬಂದು, ಬೇಡ, ಬರುವ ವರ್ಷ ಬಿಡುತ್ತದೆ, ನಾನು ಹೊಣೆ ಎನ್ನಬೇಕು. ಆಗ ಕೊಡಲಿ ಇಳಿಯುತ್ತದೆ. ಆ ದಿನ ಮುದ್ದಗಿರಿ ಕೊಡಲಿ ಎತ್ತಿದ. ಎತ್ತಿದವನಿಗೆ ಅನುಮಾನ ಬಂತು.

"ಲೇ, ಇದಕ್ಕೆ ಕನ್ನಡ ತಿಳೀತದಾ?"

"ಹದಿಮೂರು ವರ್ಸ ನಿನ್ನ ಬೈಗುಳ ಕೇಳ್ಯದೆ. ನನಗಿಂತ ಚೆನ್ನಾಗಿ ತಿಳೀತದೆ."

ಹೇಳಿ ಲಕ್ಕವ್ವ ನಗತೊಡಗಿದಳು. ನಗು ನಿಲ್ಲಲಿಲ್ಲ. ಬೇಡ ಎನ್ನಬೇಕಾದ ಬಾಯಿ ಬರೀ ನಗುತ್ತಿತ್ತು. ಮುದ್ದಗಿರಿ ಕಾದ. ಕೈ ಸೋತಿತು. ಕೊಡಲಿ ಜಾರಿ ಬುಡಕ್ಕೆ ಬಿತ್ತು. ತೊಗಟೆ ಅರ್ಧ ಸುತ್ತು ಸುಲಿದು ಬಂತು. ನಗು ಅಲ್ಲಿಗೆ ನಿಂತಿತು. ಲಕ್ಕವ್ವ ಓಡಿ ಬಂದು ಮರ ತಬ್ಬಿದಳು. "ಬೇಡ, ಬೇಡ! ನಾನು ಹೊಣೆ!" ಸಗಣಿ, ಕೆಮ್ಮಣ್ಣು ಕಲಸಿ ಬಳಿದು ಸೆರಗು ಹರಿದು ಕಟ್ಟಿದಳು. ಇಬ್ಬರೂ ಅಂದೇ ಪಾತ್ರೆಪಡಗ ಗಂಟು ಕಟ್ಟಿಟ್ಟರು.

ಮಾಘದಲ್ಲಿ ಮರದ ತುಂಬ ಹೂ. ಎಲೆ ಕಾಣದಷ್ಟು ಹೂ. ಊರಿಗೆ ಊರೇ ಬಂತು. ಪಾಳೆಯಗಾರ ಬಂದು, ಏನು ಮಾಡಿದೆಯೋ ಎಂದು ಕೇಳಿದ.

"ನಾನು ಕೆಡಿಸಿದ್ದು ದೊರೆ. ಹೊಣೆ ನಿಂತವಳು ಇವಳು."

ಅಂದಿನಿಂದ ಅವಳು ಹೊಣೆಯಮ್ಮ. ತೋಟಕ್ಕೂ ಅದೇ ಹೆಸರು. ಗಂಟು ಬಿಚ್ಚಿದ್ದು ಹಣ್ಣು ತಿಂದ ಮೇಲೆ ಎನ್ನುತ್ತಾರೆ.

ಈಗಲೂ ಬಲಿಪಾಡ್ಯದಂದು ಗಂಡ ಹೆಂಡತಿಯರು ಬರುತ್ತಾರೆ. ಮರದಲ್ಲಿ ಕೆತ್ತಿದ ಕೊಡಲಿ ಅಲ್ಲೇ ಇಟ್ಟಿರುತ್ತಾರೆ. ಗಂಡ ಎತ್ತುತ್ತಾನೆ, ಹೆಂಡತಿ ಬೇಡ ಎನ್ನುತ್ತಾಳೆ, ಸುತ್ತ ನಿಂತವರು ನಗುತ್ತಾರೆ. ಒಬ್ಬನೇ ಬಂದವನು ಎತ್ತಿದರೆ ಪಕ್ಕದಲ್ಲಿರುವ ಯಾವ ಹೆಂಗಸಾದರೂ ಹೊಣೆ ನಿಲ್ಲಬೇಕು. ಅದು ಇಲ್ಲಿನ ಕಟ್ಟಳೆ. ಎತ್ತಿದ ಕೈ ಕಾಯಬಾರದು. ಈ ಸಲವೂ ಮುದುಕನೊಬ್ಬ ಒಬ್ಬನೇ ಬಂದು ಕೊಡಲಿ ಎತ್ತಿದ. ಹೂ ಮಾರುವ ಹೆಂಗಸು ಕೂಗಿ ಹೇಳಿದಳು: "ಬೇಡ ಕಣಣ್ಣ, ಇಳಿಸು. ನಾನಿದೀನಿ ಹೊಣೆ."