ಬಾಯ್ಲರ್ ಕೋಣೆಯ ಪೂಜೆ

ನಮ್ಮ ಪೇಟೆಯ ಕಲ್ಯಾಣಮಂಟಪದ ಅಡುಗೆಮನೆಗೆ ದೊಡ್ಡ ಗ್ಯಾಸ್ ಬಾಯ್ಲರ್ ಬಂತು. ಹೊಗೆ ಕೊಳವೆ, ಗಾಳಿಕಿಂಡಿ ಎರಡೂ ಆಗುವವರೆಗೆ ಹಚ್ಚಬೇಡಿ ಎಂದು ಕೂರಿಸಿದ ಮೇಸ್ತ್ರಿ ಹೇಳಿಹೋದ.

ಯಜಮಾನ ಚೆನ್ನವೀರಪ್ಪನವರು ಅಡುಗೆಯಾಕೆಯನ್ನು ಗದರಿದರು. "ಗ್ಯಾಸಿಗೆಲ್ಲಿ ಹೊಗೆಯಮ್ಮ? ಗೋಡೆಗೆ ತೂತು ಹೊಡೆದರೆ ಲಕ್ಷ್ಮಿ ಹೊರಟುಹೋಗ್ತಾಳೆ. ನಾಳೆ ಹಾಗೇ ಹಚ್ಚು!"

ಗ್ಯಾಸ್ ಉರಿದು ತುಂಬುವ ವಿಷಗಾಳಿಯಲ್ಲಿ ದಿನವಿಡೀ ನಿಲ್ಲಬೇಕಾದವಳು ಅವಳು. ಆದರೂ ವಾದಿಸಲಿಲ್ಲ. "ಆಗಲಿ ಯಜಮಾನರೇ. ಮೊದಲು ಬಾಯ್ಲರ್ ಕೋಣೆಯಲ್ಲಿ ಲಕ್ಷ್ಮೀಪೂಜೆ ನಿಮ್ಮ ಕೈಯಿಂದಲೇ ಆಗಲಿ," ಎಂದಳು.

ಮರುದಿನ ಯಜಮಾನರು ರೇಷ್ಮೆ ಪಂಚೆಯುಟ್ಟು ದೇವಿಯ ಪಟದ ಮುಂದೆ ಕುಳಿತರು. ಆಕೆ ಕೆಂಡದ ಮೇಲೆ ಧಾರಾಳವಾಗಿ ಸಾಂಬ್ರಾಣಿ ಸುರಿದು, ಬಾಗಿಲು ಮುಂದೆ ಮಾಡಿ ಹೊರಗೆ ನಿಂತಳು. ಮಂತ್ರ ಕೆಮ್ಮಾಯಿತು. ಕೆಮ್ಮು ಕೂಗಾಯಿತು. ಯಜಮಾನರು ಬಾಗಿಲು ತಳ್ಳಿಕೊಂಡು ಹೊರಗೋಡಿ ಬಂದರು.

"ಅಯ್ಯೋ, ಹೊಗೆ ಹೋಗೋಕೆ ದಾರಿಯೇ ಇಲ್ಲವಲ್ಲೇ!"

"ಇದು ಕಾಣೋ ಹೊಗೆ, ಓಡಿ ಬಂದಿರಿ. ಗ್ಯಾಸಿಂದು ಕಾಣೋದೇ ಇಲ್ಲ," ಎನ್ನುತ್ತ ಆಕೆ ಒಳಗೆ ಇಣುಕಿದಳು. "ಲಕ್ಷ್ಮಿಯೇನೋ ಅಲ್ಲೇ ಇದ್ದಾಳೆ ಯಜಮಾನರೇ. ಹೊರಟು ಬಂದವರು ನೀವೇ!"

ಯಜಮಾನರು ಕಣ್ಣೊರೆಸಿಕೊಳ್ಳುತ್ತಲೇ ಗಾರೆಯವನನ್ನು ಕೂಗಿದರು. "ಬೇಗ ಗೋಡೆ ಒಡೆಯಪ್ಪ, ಒಳಗೆ ತಾಯಿಗೆ ಉಸಿರು ಕಟ್ತಾ ಇದೆ!"