ಹೆಸರು ಕಳಚಿದ ಇಮೇಜು

“ಮಾಸ್ತರೇ, ಹೆಸರಿಲ್ಲದ್ದನ್ನೆಲ್ಲ ಅಳಿಸಿಬಿಡಲೇ?”

ಐರಿನ್ ಹೀಗೆ ಕೇಳಿದಾಗ ಅವಳ ಬೆರಳು ಕೀಲಿಮಣೆಯ ಮೇಲೆಯೇ ಇತ್ತು. ಅವಳು ಧರಣೇಂದ್ರ ಮಾಸ್ತರರ ಬಳಿ ರಿಜಿಸ್ಟ್ರಿ ನೋಡಿಕೊಳ್ಳುವ ಕೆಲಸ ಕಲಿಯುತ್ತಿದ್ದಳು. ಸರ್ವರುಗಳಲ್ಲಿ ಓಡುವ ತಂತ್ರಾಂಶವನ್ನು, ಅದಕ್ಕೆ ಬೇಕಾದುದೆಲ್ಲವನ್ನೂ ಸೇರಿಸಿ, ಒಂದೇ ಗಂಟಾಗಿ ಕಟ್ಟಿಡುತ್ತಾರೆ. ಆ ಗಂಟಿಗೆ ಇಮೇಜು ಎಂದು ಹೆಸರು. ಇಮೇಜುಗಳನ್ನು ಇಟ್ಟುಕೊಂಡು, ಕೇಳಿದ ಯಂತ್ರಕ್ಕೆ ಕೊಡುವ ಉಗ್ರಾಣವೇ ರಿಜಿಸ್ಟ್ರಿ. ಮಾಸ್ತರರು ಮೂವತ್ತು ವರ್ಷ ಸರ್ವರುಗಳ ನಡುವೆಯೇ ಕಳೆದವರು.

“ಡಿಸ್ಕ್ ತುಂಬುತ್ತಾ ಬಂದಿದೆ. ಹೊಸ ಇಮೇಜುಗಳಿಗೆ ಜಾಗವಿಲ್ಲ. ಇರುವುದರಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಹೆಸರೇ ಇಲ್ಲ. ಒಂದು ಆಜ್ಞೆ ಕೊಟ್ಟರೆ ಎಲ್ಲ ಹೋಗುತ್ತವೆ. ಈಗಲೇ ಮಾಡಿ ತೋರಿಸುತ್ತೇನೆ” ಎಂದಳು. ಕಲಿತದ್ದನ್ನು ಮಾಡಿ ನೋಡುವ ಉತ್ಸಾಹ ಅವಳ ದನಿಯಲ್ಲಿತ್ತು.

ಮಾಸ್ತರರು ಕುರ್ಚಿ ಎಳೆದುಕೊಂಡು ಕುಳಿತರು.

“ಕೈ ತೆಗೆ ತಂಗೀ. ಒಂದು ಸಂಗತಿ ಹೇಳುತ್ತೇನೆ, ಕೇಳು” ಎಂದು ಹೇಳತೊಡಗಿದರು.

ಒಂದು ಬಂದರಿನಲ್ಲಿ ಮೀನುಗಾರರ ಸಂಘವಿತ್ತು. ಸಂಘದವರು ದಡದುದ್ದಕ್ಕೂ ಹದಿನಾಲ್ಕು ಠಾಣೆಗಳನ್ನು ಕಟ್ಟಿಸಿದ್ದರು. ಪ್ರತಿ ಠಾಣೆಯಲ್ಲಿ ಒಂದು ಚಿಕ್ಕ ಯಂತ್ರ. ಅದು ಗಾಳಿಯನ್ನೂ ಅಲೆಯನ್ನೂ ಅಳೆದು, ಅಪಾಯ ಕಂಡರೆ ದೂರದ ದೋಣಿಗಳಿಗೆ ಎಚ್ಚರಿಕೆ ಕಳಿಸುತ್ತಿತ್ತು. ಹದಿಮೂರು ಠಾಣೆಗಳು ದಡದ ಮೇಲಿದ್ದವು. ಹದಿನಾಲ್ಕನೆಯದು ಸಮುದ್ರದ ನಡುವಿನ ಬಂಡೆಯ ಮೇಲೆ, ಹಳೆಯ ದೀಪಸ್ತಂಭದಲ್ಲಿತ್ತು. ಅಲ್ಲಿ ಒಬ್ಬ ಕಾವಲುಗಾರನಿದ್ದ.

ಆ ಯಂತ್ರಗಳಲ್ಲಿ ಡಿಸ್ಕ್ ಇರಲಿಲ್ಲ. ಉಪ್ಪುಗಾಳಿಗೆ ಡಿಸ್ಕ್ ಬೇಗ ಹಾಳಾಗುತ್ತದೆ ಎಂದು ಹಾಕಿಸಿರಲಿಲ್ಲ. ಆರಿ ಹೊತ್ತಿದಾಗಲೆಲ್ಲ ಪ್ರತಿ ಯಂತ್ರವೂ ಬಂದರಿನ ರಿಜಿಸ್ಟ್ರಿಯಿಂದ ತನ್ನ ಇಮೇಜನ್ನು ಹೊಸದಾಗಿ ತರಿಸಿಕೊಳ್ಳಬೇಕು. ಹೊರಗಿನ ಇಂಟರ್ನೆಟ್ ಕಡಿದರೂ ಕೆಲಸ ನಿಲ್ಲಬಾರದೆಂದು ಸಂಘದವರು ತಮ್ಮದೇ ರಿಜಿಸ್ಟ್ರಿ ಇಟ್ಟುಕೊಂಡಿದ್ದರು. ಅದನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿದ್ದರು. ಅವಳನ್ನು ಪಾಲಕಿ ಎನ್ನೋಣ.

ಪಾಲಕಿ ಶಿಸ್ತಿನವಳು. ದಿನವೂ ಬೆಳಿಗ್ಗೆ ಬಂದು ಡಿಸ್ಕ್ ಎಷ್ಟು ತುಂಬಿದೆ ಎಂದು ನೋಡುವಳು. ರಿಜಿಸ್ಟ್ರಿಯ ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ಇಳಿಸುವಳು. ಇಲ್ಲಿ ಹೇಗಿದೆಯೋ ಅಲ್ಲಿಯೂ ಹಾಗೆಯೇ ಇರಬೇಕು ಎಂಬುದು ಅವಳ ನಿಯಮ.

ಇಮೇಜಿಗೆ ಎರಡು ಗುರುತುಗಳಿರುತ್ತವೆ ಎಂದು ನಿನಗೆ ಕಲಿಸಿದ್ದೇನೆ. ಮೊದಲನೆಯದು ಸಂಖ್ಯೆ. ಅದು ಗಂಟಿನೊಳಗಿನ ಒಂದೊಂದು ಅಕ್ಷರದಿಂದ ಹುಟ್ಟುವುದು. ಒಳಗೆ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಎರಡನೆಯದು ಹೆಸರು. ಅದು ಮೇಲೆ ಅಂಟಿಸಿದ ಚೀಟಿ. ಇವತ್ತು ಇದರ ಮೇಲಿದ್ದ ಚೀಟಿಯನ್ನು ನಾಳೆ ಬೇರೊಂದಕ್ಕೆ ಅಂಟಿಸಬಹುದು.

ಒಮ್ಮೆ ಹಾಗೆಯೇ ಆಯಿತು. ಠಾಣೆಗಳಿಗೆ ಹೊಸ ಇಮೇಜು ಬಂತು. ‘ಇತ್ತೀಚಿನದು’ ಎಂಬ ಹೆಸರನ್ನು ಹಳೆಯದರಿಂದ ಕಿತ್ತು ಹೊಸದಕ್ಕೆ ಅಂಟಿಸಿದರು. ಎರಡು ದಿನಗಳಲ್ಲಿ ಹೊಸದರ ದೋಷ ಹೊರಬಿತ್ತು. ಅದು ದೊಡ್ಡ ಅಲೆಯನ್ನು ಸಣ್ಣದೆಂದು ಹೇಳುತ್ತಿತ್ತು. ತಂತ್ರಜ್ಞರು ಹದಿನಾಲ್ಕು ಯಂತ್ರಗಳಿಗೂ ಹಳೆಯ ಇಮೇಜಿನ ಸಂಖ್ಯೆಯನ್ನೇ ಬರೆದುಕೊಟ್ಟು, ಇದನ್ನೇ ತರಿಸಿಕೊಳ್ಳಿ ಎಂದು ಗೊತ್ತುಮಾಡಿದರು. ಎಲ್ಲ ಸರಿಯಾಯಿತು. ಹಳೆಯದಕ್ಕೆ ಹೆಸರು ಮರಳಿ ಅಂಟಿಸುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಸಂಖ್ಯೆಯ ವಿಷಯ ಪಾಲಕಿಗೂ ತಿಳಿಸಿದ್ದರು. ಅವಳೂ ಮರೆತಳು.

ತಿಂಗಳು ಕಳೆಯಿತು. ಡಿಸ್ಕ್ ತುಂಬಿತು. ಪಾಲಕಿ ಪಟ್ಟಿ ತೆಗೆದಳು. ಹೆಸರಿಲ್ಲದವು ಸಾಲುಸಾಲಾಗಿ ಬಿದ್ದಿದ್ದವು. ಅಳಿಸುವಾಗ ನಡುವೆ ಹೊಸದೇನೂ ಒಳಗೆ ಬರದಂತೆ ರಿಜಿಸ್ಟ್ರಿಯ ಬಾಗಿಲು ಮುಚ್ಚಿದಳು. ಅಷ್ಟು ಎಚ್ಚರ ಅವಳಿಗಿತ್ತು. ಆಮೇಲೆ ಆಜ್ಞೆ ಕೊಟ್ಟಳು. ಕ್ಷಣಕ್ಷಣಕ್ಕೂ ಜಾಗ ತೆರವಾಗುತ್ತಿದ್ದುದನ್ನು ಕಂಡು ಅವಳಿಗೆ ಹಿಗ್ಗು. ಸಂಘದ ಅಧ್ಯಕ್ಷನನ್ನು ಕರೆದು ತೋರಿಸಿದಳು. ಅವನೂ ಮೆಚ್ಚಿದ. ಮರುದಿನ ಬೆಳಿಗ್ಗೆ ಬಾಗಿಲು ತೆರೆದು, ಎರಡನೇ ಡಿಸ್ಕನ್ನೂ ಮೊದಲನೆಯದಕ್ಕೆ ಸರಿಹೊಂದಿಸಿದಳು. ಇಲ್ಲಿ ಹೋದದ್ದು ಅಲ್ಲಿಯೂ ಹೋಯಿತು.

ಯಾವ ಠಾಣೆಯೂ ನಿಲ್ಲಲಿಲ್ಲ. ಯಂತ್ರಗಳು ತಂದುಕೊಂಡಿದ್ದ ಇಮೇಜನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಓಡುತ್ತಲೇ ಇದ್ದವು. ಓಡುತ್ತಿರುವವರೆಗೆ ಅವಕ್ಕೆ ಉಗ್ರಾಣದ ನೆನಪಾಗುವುದಿಲ್ಲ.

ನಾಲ್ಕನೇ ದಿನ ಹನ್ನೊಂದು ಗಂಟೆಗೆ ದಡದ ವಿದ್ಯುತ್ ಹೋಯಿತು. ಒಂದೇ ನಿಮಿಷದಲ್ಲಿ ಮರಳಿ ಬಂತು. ಹದಿಮೂರು ಯಂತ್ರಗಳು ಒಟ್ಟಿಗೆ ಎದ್ದು ರಿಜಿಸ್ಟ್ರಿಯ ಬಾಗಿಲು ತಟ್ಟಿದವು. ಹದಿಮೂರಕ್ಕೂ ರಿಜಿಸ್ಟ್ರಿ ಒಂದೇ ಉತ್ತರ ಕೊಟ್ಟಿತು: ಇಲ್ಲ.

ಪಾಲಕಿ ಪರದೆ ನೋಡಿದಳು. ಯಂತ್ರಗಳು ಕೇಳುತ್ತಿದ್ದ ಸಂಖ್ಯೆಯನ್ನು ಓದಿದಳು. ತಾನು ಏನನ್ನು ಅಳಿಸಿದೆ ಎಂದು ಅವಳಿಗೆ ಆಗ ಹೊಳೆಯಿತು. 

ಅಷ್ಟರಲ್ಲಿ ಅಧ್ಯಕ್ಷ ಓಡಿಬಂದ. ಅರುವತ್ತು ದೋಣಿಗಳು ಸಮುದ್ರದಲ್ಲಿದ್ದವು. ನಾಲ್ಕು ಗಂಟೆಯ ಹೊತ್ತಿಗೆ ಬಿರುಗಾಳಿ ಎಂದು ಹವಾಮಾನದವರು ಆಗತಾನೆ ತಿಳಿಸಿದ್ದರು. ಬಂದರಿನ ವೈರ್‌ಲೆಸ್ ಹತ್ತಿರದ ದೋಣಿಗಳಿಗಷ್ಟೇ ಮುಟ್ಟುತ್ತಿತ್ತು. ದೂರ ಹೋದವರಿಗೆ ಠಾಣೆಗಳೇ ಗತಿ. ಅವರು ದಡ ಸೇರಲು ಎರಡು ಗಂಟೆಯಾದರೂ ಬೇಕು.

“ಹೊಸ ಇಮೇಜು ಇದೆಯಲ್ಲ, ಅದನ್ನೇ ಕೊಡು” ಎಂದ ಅಧ್ಯಕ್ಷ.

“ಅದು ಸುಳ್ಳು ಹೇಳುತ್ತದೆ. ಅಲೆ ಏಳುವಾಗ ಸಮುದ್ರ ಶಾಂತವಾಗಿದೆ ಎನ್ನುತ್ತದೆ. ಅದನ್ನು ನಂಬಿ ಅವರು ಅಲ್ಲಿಯೇ ಉಳಿದರೆ?” ಎಂದಳು ಪಾಲಕಿ.

 ಹಳೆಯದನ್ನು ಮೊದಲಿನಿಂದ ಕಟ್ಟಲು ಎರಡು ದಿನ ಹಿಡಿಯುತ್ತಿತ್ತು. ಎಚ್ಚರಿಕೆ ಕಳಿಸಲು ಕೈಯಲ್ಲಿದ್ದುದು ಮೂರು ಗಂಟೆ.

ಆಗ ಪಾಲಕಿಗೆ ಹದಿನಾಲ್ಕನೆಯದು ನೆನಪಾಯಿತು. ದೀಪಸ್ತಂಭಕ್ಕೆ ದಡದ ವಿದ್ಯುತ್ ಇಲ್ಲ. ಅಲ್ಲಿ ಸೋಲಾರ್ ಮತ್ತು ಬ್ಯಾಟರಿ. ಅಲ್ಲಿನ ಯಂತ್ರ ಆರಿರಲಾರದು. ಅದೊಂದರ ಎಚ್ಚರಿಕೆ ಎಲ್ಲ ದೋಣಿಗಳಿಗೂ ಮುಟ್ಟದು ನಿಜ, ಆದರೆ ಅಳಿಸಿಹೋದ ಇಮೇಜು ಈ ಲೋಕದಲ್ಲಿ ಇನ್ನೂ ಒಂದು ಕಡೆ ಉಳಿದಿದೆ!

 ಇಲ್ಲಿಂದಲೇ ಅದನ್ನು ತರಿಸಿಕೊಳ್ಳುವಂತಿರಲಿಲ್ಲ. ಬಂಡೆಗೆ ಹೋಗುವ ಸಂಪರ್ಕ ಪಕ್ಕದ ಠಾಣೆಯ ಮೂಲಕ ಸಾಗಬೇಕು, ಆ ಠಾಣೆ ಮಲಗಿತ್ತು. ವೈರ್‌ಲೆಸ್ಸಿನಲ್ಲಿ ಕಾವಲುಗಾರನನ್ನು ಕೂಗಿದರು. ಉತ್ತರವಿಲ್ಲ. ಮತ್ತೆ ಕೂಗಿದರು. ಉತ್ತರವಿಲ್ಲ.

ಅವಳಿಗೆ ಇನ್ನೊಂದು ಮಾತು ನೆನಪಾಗಿ ಭಯ ಇಮ್ಮಡಿಯಾಯಿತು. ಪ್ರತಿ ಠಾಣೆಯ ಗೋಡೆಯ ಮೇಲೂ ಅವಳೇ ಒಂದು ಹಾಳೆ ಅಂಟಿಸಿದ್ದಳು. ಬೇರೆ ಠಾಣೆಗಳು ಮೌನವಾದರೆ ನಿಮ್ಮ ಯಂತ್ರವನ್ನು ಆರಿಸಿ ಮತ್ತೆ ಹಾಕಿ ಎಂದು ಅದರಲ್ಲಿ ಬರೆದಿತ್ತು. ಕಾವಲುಗಾರ ಅದನ್ನು ಪಾಲಿಸಿದನೆಂದರೆ ಉಳಿದ ಒಂದೂ ಹೋದಂತೆ.

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಅವಳು ದೋಣಿ ಕಟ್ಟುವ ಧಕ್ಕೆಗೆ ಓಡಿದಳು. ಅಲ್ಲಿ ದೋಣಿ ನಡೆಸುವ ಒಬ್ಬ ಮುದಿ ತಂಡೇಲ ತನ್ನ ದೋಣಿಯ ಇಂಜಿನ್ ಬಿಚ್ಚಿಕೊಂಡು ಕುಳಿತಿದ್ದ. ಅವಳು ಎರಡು ಮಾತಿನಲ್ಲಿ ಸಂಗತಿ ಹೇಳಿದಳು. ಅವನ ಅಳಿಯನ ದೋಣಿಯೂ ಹೊರಗಿತ್ತು. ಅವನು ಕೂಡಲೇ ಇಂಜಿನ್ ಜೋಡಿಸಿದ, ಹಗ್ಗ ಬಿಚ್ಚಿದ.

ಗಾಳಿ ಆಗಲೇ ಬಿಗಿಯಾಗಿತ್ತು. ದೋಣಿ ಅಲೆಯ ನೆತ್ತಿಗೇರಿ ದೊಪ್ಪನೆ ಬೀಳುತ್ತಿತ್ತು. ಚೀಲವನ್ನು ಎದೆಗೊತ್ತಿಕೊಂಡು ಪಾಲಕಿ ದೀಪಸ್ತಂಭವನ್ನೇ ನೋಡುತ್ತಿದ್ದಳು. ನೀರು ಮೈಮೇಲೆ ಅಪ್ಪಳಿಸಿದರೂ ಅವಳಿಗೆ ಅದರ ಪರಿವೆಯಿಲ್ಲ. ಇನ್ನೂ ಓಡುತ್ತಿರಲಿ, ಇನ್ನೂ ಓಡುತ್ತಿರಲಿ ಎಂದು ಒಳಗೇ ಹೇಳಿಕೊಳ್ಳುತ್ತಿದ್ದಳು. ತಂಡೇಲ ಎಂದೂ ಓಡಿಸದಷ್ಟು ವೇಗವಾಗಿ ಓಡಿಸಿದ. ಒಂದು ಗಂಟೆಯ ದಾರಿಯನ್ನು ಮುಕ್ಕಾಲು ಗಂಟೆಯಲ್ಲಿ ಮುಟ್ಟಿಸಿದ.

ಅವಳು ಬಂಡೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಬಾಗಿಲು ತೆರೆದಿತ್ತು. ಒಳಗೆ ಕತ್ತಲು. ಫ್ಯಾನಿಲ್ಲ, ದೀಪವಿಲ್ಲ, ವೈರ್‌ಲೆಸ್ಸಿನ ಸದ್ದಿಲ್ಲ. ಎಲ್ಲ ಮುಗಿಯಿತು ಎಂದುಕೊಂಡಳು. ಅಷ್ಟರಲ್ಲಿ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಕಂಡಿತು. ಯಂತ್ರ ಓಡುತ್ತಿತ್ತು. ಕಾವಲುಗಾರ ಅದರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತಿದ್ದ.

“ಗೋಡೆಯ ಮೇಲಿನ ಹಾಳೆ ಓದಲಿಲ್ಲವೇ?” ಎಂದು ಕೇಳಿದಳು. ಏದುಸಿರಿನಲ್ಲಿ ಅವಳಿಗೆ ಮೊದಲು ಬಾಯಿಗೆ ಬಂದದ್ದು ಅದೇ.

“ಓದಿದೆ ಅಮ್ಮ. ಹದಿಮೂರು ಠಾಣೆ ಸುಮ್ಮನಾದವು. ಇದೊಂದು ಮಾತಾಡುತ್ತಿತ್ತು. ಮಾತಾಡುತ್ತಿರುವುದರ ಬಾಯಿ ನಾನೇ ಮುಚ್ಚಿಸಲು ಮನಸ್ಸಾಗಲಿಲ್ಲ. ಬೆಳಿಗ್ಗೆಯಿಂದ ಮೋಡ, ಬ್ಯಾಟರಿ ಇಳಿಯುತ್ತಿತ್ತು. ಇದಕ್ಕೆ ಸಾಲಲೆಂದು ಉಳಿದದ್ದೆಲ್ಲ ಆರಿಸಿದೆ. ವೈರ್‌ಲೆಸ್ಸನ್ನೂ. ತಪ್ಪಾಯಿತೇ?”

 ಅವಳು ನೆಲದ ಮೇಲೆ ಕುಳಿತು ತಂತಿ ಜೋಡಿಸಿದಳು. ಇಮೇಜು ಹನಿಹನಿಯಾಗಿ ಲ್ಯಾಪ್‌ಟಾಪಿಗೆ ಇಳಿಯಿತು. ಬ್ಯಾಟರಿಯ ಮುಳ್ಳು ಕೆಂಪಿನ ಅಂಚಿನಲ್ಲಿತ್ತು. ಕಾವಲುಗಾರ ಮುಳ್ಳನ್ನು ನೋಡುತ್ತಿದ್ದ, ಅವಳು ಪರದೆಯನ್ನು ನೋಡುತ್ತಿದ್ದಳು. ಎಂಟು ನಿಮಿಷಕ್ಕೆ ಇಳಿದು ಮುಗಿಯಿತು. ಅವಳು ಅವನ ಎರಡೂ ಕೈ ಹಿಡಿದುಕೊಂಡಳು. ದೋಣಿಗೆ ಓಡಿದಳು.

ಮರಳುವಾಗ ಗಾಳಿ ಎದುರಾಯಿತು. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಬಂದರು ಮುಟ್ಟಿದಾಗ ಒಂದೂವರೆ. ಅವಳು ಒದ್ದೆ ಬಟ್ಟೆಯಲ್ಲೇ ರಿಜಿಸ್ಟ್ರಿಯ ಮುಂದೆ ಕುಳಿತಳು. ಇಮೇಜನ್ನು ಒಳಗೆ ಸೇರಿಸಿದಳು. ರಿಜಿಸ್ಟ್ರಿ ಅದರ ಸಂಖ್ಯೆಯನ್ನು ಹೊಸದಾಗಿ ತೆಗೆದು ತೋರಿಸಿತು. ಠಾಣೆಗಳು ಕೇಳುತ್ತಿದ್ದ ಸಂಖ್ಯೆಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿದಳು. ಒಂದೂ ತಪ್ಪಿರಲಿಲ್ಲ.

ಠಾಣೆಗಳು ಸುಮ್ಮನೆ ಕುಳಿತಿರಲಿಲ್ಲ. ಅರ್ಧ ನಿಮಿಷಕ್ಕೊಮ್ಮೆ ಬಾಗಿಲು ತಟ್ಟುತ್ತಲೇ ಇದ್ದವು. ಈ ಸಲ ಬಾಗಿಲು ತೆರೆಯಿತು. ಮೊದಲನೇ ಠಾಣೆ ಎದ್ದಿತು. ಮೂರನೆಯದು ಎದ್ದಿತು. ಆಮೇಲೆ ಏಳು, ಎಂಟು, ಎರಡು. ಗೋಡೆಯ ಮೇಲಿನ ನಕಾಶೆಯಲ್ಲಿ ಹಸಿರು ದೀಪ ಒಂದೊಂದಾಗಿ ಹತ್ತಿತು. ಅಧ್ಯಕ್ಷ ಎಣಿಸುತ್ತಾ ಎಣಿಸುತ್ತಾ ದನಿ ಏರಿಸಿದ. ಹದಿಮೂರು ಎಂದು ಕೂಗಿಯೇಬಿಟ್ಟ. ಎರಡು ಗಂಟೆಯೊಳಗೆ ಸಮುದ್ರದ ತುಂಬ ಎಚ್ಚರಿಕೆ ಹೋಯಿತು. ದೂರದ ದೋಣಿಗಳು ಒಂದೊಂದಾಗಿ ಮೂತಿ ತಿರುಗಿಸಿದವು.

ಬಿರುಗಾಳಿ ಹೇಳಿದ ಹೊತ್ತಿಗೇ ಬಂತು. ಆ ಹೊತ್ತಿಗೆ ಇಡೀ ಊರು ಧಕ್ಕೆಯ ಮೇಲಿತ್ತು. ದೋಣಿ ಬಂದಂತೆಲ್ಲ ಜನ ಹಗ್ಗ ಹಿಡಿದು ಎಳೆದರು. ಬಲೆ ಕಡಿದುಕೊಂಡು ಬಂದವರಿದ್ದರು. ಹಿಡಿದ ಮೀನನ್ನು ಸಮುದ್ರಕ್ಕೆ ಸುರಿದು ದೋಣಿ ಹಗುರ ಮಾಡಿಕೊಂಡು ಬಂದವರಿದ್ದರು. ಬಾರದವರು ಇರಲಿಲ್ಲ.

ಮರುದಿನ ಪಾಲಕಿ ಸಂಘದ ಸಭೆಯಲ್ಲಿ ನಿಂತು, ಇಮೇಜನ್ನು ಅಳಿಸಿದವಳು ನಾನೇ ಎಂದಳು. ವಿದ್ಯುತ್ತಿನ ಮೇಲೆ ಹೊರಿಸಲಿಲ್ಲ, ತಂತ್ರಜ್ಞರ ಮೇಲೂ ಹೊರಿಸಲಿಲ್ಲ. ಸಂಘ ಅವಳನ್ನು ಕೆಲಸದಲ್ಲಿ ಉಳಿಸಿಕೊಂಡಿತು. ಅಂದಿನಿಂದ ಅವಳು ಅಳಿಸುವ ಮೊದಲು ಹದಿನಾಲ್ಕು ಯಂತ್ರಗಳನ್ನೂ ಕೇಳುತ್ತಿದ್ದಳು, ನೀನು ಈಗ ಯಾವ ಸಂಖ್ಯೆಯಿಂದ ಓಡುತ್ತಿದ್ದೀಯೆ ಎಂದು. ಅಳಿಸಿದ್ದನ್ನೂ ಒಂದು ತಿಂಗಳು ಬೇರೆಡೆ ಇಟ್ಟುಕೊಳ್ಳುತ್ತಿದ್ದಳು. ಎರಡನೇ ಡಿಸ್ಕ್ ಮೊದಲನೆಯದನ್ನು ಕುರುಡಾಗಿ ಹಿಂಬಾಲಿಸುವುದನ್ನು ನಿಲ್ಲಿಸಿದಳು. ಗೋಡೆಯ ಹಾಳೆಗಳನ್ನೂ ತೆಗೆಸಿದಳು.

ಮಾಸ್ತರರು ಇಷ್ಟು ಹೇಳಿ ನಿಲ್ಲಿಸಿದರು.

ಐರಿನಳ ಕಣ್ಣು ಅರಳಿತ್ತು. ಕತೆಯ ನಡುವೆ ಎಲ್ಲಿಯೋ ಅವಳ ಕೈ ಕೀಲಿಮಣೆ ಬಿಟ್ಟು ಮಡಿಲಿಗೆ ಬಂದಿತ್ತು. ತಾನೇ ಆ ದೋಣಿಯಲ್ಲಿ ಹೋಗಿ ಬಂದವಳ ಹಾಗೆ ಅವಳು ಉಸಿರು ಬಿಟ್ಟಳು.

“ಮಾಸ್ತರೇ, ಆ ಕಾವಲುಗಾರ ಎಂಥ ಮನುಷ್ಯ. ಅವನ ಹೆಸರೇನು?” ಎಂದು ಕೇಳಿದಳು.

“ಇಷ್ಟು ಹೊತ್ತು ಹೆಸರಿಲ್ಲದೆಯೇ ಅವನು ನಿನ್ನ ಮುಂದೆ ಕೆಲಸ ಮಾಡಿದನಲ್ಲ” ಎಂದರು ಮಾಸ್ತರರು.

ಐರಿನ್ ಪರದೆಯತ್ತ ತಿರುಗಿ, ಪಟ್ಟಿಯಲ್ಲಿದ್ದ ಹೆಸರಿಲ್ಲದ ಮೊದಲನೆಯದರ ಸಂಖ್ಯೆಯನ್ನು ಓದತೊಡಗಿದಳು.