ಗೊರವಂಕದ ಬಾಯಲ್ಲಿ ದ್ಯಾಮಿಯ ದನಿ

ಇದು ನಡೆದದ್ದು ಹಂಸೂರು ಸೀಮೆಯ ಅರಸ ಪಟ್ಟಕ್ಕೆ ಬಂದ ಒಂಬತ್ತನೆಯ ವರ್ಷ, ಶ್ರಾವಣದಿಂದ ವಿಜಯದಶಮಿಯವರೆಗೆ. ಹತ್ತಿರ ಬಂದು ಕೂತುಕೊಳ್ಳಿ ಮಕ್ಕಳೇ. ಕಥೆ ಚಿಕ್ಕದು.

ಆ ಊರಿನಲ್ಲಿ ಒಂದು ಶಾಲೆ ಇತ್ತು. ಶಾಲೆಯಲ್ಲಿ ನಲವತ್ತೊಂದು ಮಕ್ಕಳು. ಸಂಜೆ ಗಂಟೆ ಹೊಡೆದ ಮೇಲೆ ಎಲ್ಲರೂ ಸಾಲಾಗಿ ನಿಂತು ಮಗ್ಗಿ ಹೇಳಬೇಕು. ಒಬ್ಬರು ಮುಂದೆ ನಿಂತು ಹೇಳಿಕೊಡುವುದು, ಉಳಿದವರು ಅದನ್ನೇ ಹೇಳುವುದು. ಮುಂದೆ ನಿಲ್ಲುತ್ತಿದ್ದವಳು ದ್ಯಾಮಿ, ಬುಟ್ಟಿ ಹೆಣೆಯುವ ಸಂಕವ್ವನ ಮಗಳು. ಹತ್ತು ವರ್ಷದವಳು. ಅವಳ ದನಿ ಹೊಳೆಯ ಆಚೆ ದಡಕ್ಕೂ ಕೇಳುತ್ತಿತ್ತು. ಸಂಕವ್ವ ಆ ದಡದಲ್ಲಿ ಬಿದಿರು ಸೀಳುತ್ತ ಕೂತಿರುತ್ತಿದ್ದಳು. ಮಗಳು ಹದಿನಾರರ ಮಗ್ಗಿ ಮುಗಿಸಿದಳೆಂದರೆ ಕತ್ತಿ ಕೆಳಗಿಟ್ಟು ಒಲೆ ಹಚ್ಚಲು ಏಳುತ್ತಿದ್ದಳು.

ಆ ಸೀಮೆಗೆ ಒಂದು ಹಳೆಯ ಕಟ್ಟಳೆ ಇತ್ತು. ಮೂವರ ಕಿವಿಗೆ ಬಿದ್ದ ಮಾತು ನಿಜ. ಮುತ್ತಜ್ಜನ ಕಾಲದ ಕಟ್ಟಳೆ. ಯಾರೂ ಅದನ್ನು ಪ್ರಶ್ನಿಸಿರಲಿಲ್ಲ.

ಆ ವರ್ಷ ದೂರದೇಶದ ವ್ಯಾಪಾರಿಯೊಬ್ಬ ಗೊರವಂಕಗಳನ್ನು ತಂದ. ಅವು ಎಲ್ಲ ಹಕ್ಕಿಗಳ ಹಾಗಲ್ಲ. ಒಬ್ಬರ ಮಾತನ್ನು ಒಂದು ಸಂಜೆ ಕೇಳಿಸಿದರೆ ಸಾಕು. ಆಮೇಲೆ ಅವುಗಳ ಕಿವಿಯಲ್ಲಿ ಏನು ಉಸುರಿದರೂ ಅದನ್ನು ಅವರದೇ ದನಿಯಲ್ಲಿ ಹೇಳುತ್ತಿದ್ದವು. ಪಾಠವನ್ನೂ ಹೇಳುತ್ತಿದ್ದವು, ಪದವನ್ನೂ ಕಟ್ಟುತ್ತಿದ್ದವು. ಉಳ್ಳವರ ಮನೆಗಳಿಗೆಲ್ಲ ಪಂಜರ ಬಂತು.

ಸೀಮೆಯ ಶಾಲೆಗಳನ್ನು ನೋಡಿಕೊಳ್ಳಲು ಬಾಚರಸ ಎಂಬ ಅಧಿಕಾರಿ ಇದ್ದ. ಅವನಿಗೆ ಒಂದೇ ಚಿಂತೆ. ಮಗು ಒಪ್ಪಿಸಬೇಕಾದ ಪಾಠವನ್ನು ಹಕ್ಕಿ ಒಪ್ಪಿಸಿಬಿಟ್ಟರೆ? ತಾಮ್ರದ ಹಲಗೆ ತರಿಸಿ ಏಳು ನಿಯಮ ಕೆತ್ತಿಸಿದ. ಹಕ್ಕಿ ಪಾಠ ಒಪ್ಪಿಸಕೂಡದು. ಪರೀಕ್ಷೆಯ ದಿನ ಅದರ ಕೊಕ್ಕಿಗೆ ದಾರ ಕಟ್ಟತಕ್ಕದ್ದು. ಪಂಜರದ ಬಾಗಿಲು ಪೂರ್ವಕ್ಕೆ ಇರತಕ್ಕದ್ದು. ಹೀಗೆ ಏಳು. ಹಲಗೆಯನ್ನು ಶಾಲೆಯ ಬಾಗಿಲಿಗೆ ಹೊಡೆಸಿ, ಇನ್ನು ಚಿಂತೆಯಿಲ್ಲ ಎಂದ.

ಬಾಚರಸನ ಮಗ ಮಾರಸಿಂಗ ಅದೇ ಶಾಲೆಯಲ್ಲಿದ್ದ. ಮುಂದೆ ನಿಂತು ಮಗ್ಗಿ ಹೇಳಿಕೊಡುವ ಆಸೆ ಅವನಿಗೆ. ಆದರೆ ಹದಿಮೂರರ ಮಗ್ಗಿಯಲ್ಲಿ ಪ್ರತಿ ಸಲ ಎಡವುತ್ತಿದ್ದ. ಒಂದು ದಿನ ಎಡವಿದಾಗ ಮಕ್ಕಳೆಲ್ಲ ನಕ್ಕರು. ದ್ಯಾಮಿ ನಗಲಿಲ್ಲ, ಮೆಲ್ಲಗೆ ಸರಿ ಉತ್ತರ ಹೇಳಿಕೊಟ್ಟಳು. ಅವರ ನಗುವನ್ನು ಮಾರಸಿಂಗ ಸಹಿಸಿಕೊಂಡ, ಇದನ್ನು ಸಹಿಸಿಕೊಳ್ಳಲಿಲ್ಲ. ಮರುದಿನ ತನ್ನ ಪಂಜರ ತಂದು ಅವಳು ನಿಲ್ಲುವ ಜಾಗದ ಪಕ್ಕದಲ್ಲಿಟ್ಟ. ಒಂದು ಸಂಜೆ ಸಾಕಾಯಿತು.

ಮೊದಲ ಸಲ. ದ್ಯಾಮಿ ಹೊಳೆಗೆ ನೀರಿಗೆ ಹೋಗಿದ್ದಳು. ಶಾಲೆಯ ಉಗ್ರಾಣದ ಹಿಂದಿನಿಂದ ಅವಳ ದನಿ ಕೇಳಿತು. "ಪಾರಿ ಹತ್ತಿರ ಯಾರೂ ಕೂರಬೇಡಿ. ಅವಳ ತಲೆ ತುಂಬ ಹೇನು." ಪಾರಿ ದ್ಯಾಮಿಯ ಗೆಳತಿ. ದ್ಯಾಮಿ ಬರುವಷ್ಟರಲ್ಲಿ ಪಾರಿ ತನ್ನ ಚಾಪೆಯನ್ನು ಬೇರೆ ಕಡೆ ಎಳೆದುಕೊಂಡಿದ್ದಳು.

"ನಾನು ಹೇಳಿಲ್ಲ ಕಣೇ."

"ನಿನ್ನ ದನಿ ನನಗೆ ಗೊತ್ತಿಲ್ವಾ? ಹತ್ತು ಜನ ಕೇಳಿದ್ದೀವಿ. ಹೋಗು, ನಿಮ್ಮವ್ವನ ಬುಟ್ಟಿಯೊಳಗೆ ಕೂತ್ಕೋ."

ದ್ಯಾಮಿ ಬಾಚರಸನ ಹತ್ತಿರ ಹೋದಳು. "ಒಡೆಯಾ, ಹಕ್ಕಿ ನನ್ನ ದನಿಯಲ್ಲಿ ಮಾತಾಡಿತು."

"ಪಾಠ ಒಪ್ಪಿಸಿತೇ?"

"ಇಲ್ಲ ಒಡೆಯಾ."

"ಹಾಗಾದರೆ ನಿಯಮ ಮುರಿದಿಲ್ಲ. ಆದರೂ ನೀನು ಬಂದು ಹೇಳಿದ್ದೀಯ. ಒಂದು ನಿಯಮ ಸೇರಿಸುತ್ತೇನೆ." ಎಂಟನೆಯ ನಿಯಮ ಕೆತ್ತಿಸಿದ. ಪಂಜರಗಳು ಶಾಲೆಯ ಗೋಡೆಯಿಂದ ಹೊರಗಿರತಕ್ಕದ್ದು.

ಎರಡನೆಯ ಸಲ. ಮಾರಸಿಂಗ ಪಂಜರವನ್ನು ಗೋಡೆಯಾಚೆಯ ಹುಣಸೆ ಮರಕ್ಕೆ ನೇತುಹಾಕಿದ್ದ. ಅಲ್ಲಿ ಏನು ನಡೆಯುತ್ತದೆಂದು ಈಗ ಶಾಲೆಯೊಳಗಿನ ಯಾರಿಗೂ ಕಾಣುತ್ತಿರಲಿಲ್ಲ. ದ್ಯಾಮಿ ಮತ್ತೆ ನೀರಿಗೆ ಹೋಗಿದ್ದಾಗ ಅವಳ ದನಿ ಗೋಡೆ ದಾಟಿ ಬಂತು. "ನಮ್ಮ ಗುರುಗಳಿಗೆ ಕಿವಿಯೂ ಮಂದ, ಬುದ್ಧಿಯೂ ಮಂದ." ಗುರುಗಳು ಸಾಧು ಮನುಷ್ಯ. ಬೈಯಲಿಲ್ಲ. "ನಾಳೆಯಿಂದ ಹಿಂದಿನ ಸಾಲಿನಲ್ಲಿ ನಿಲ್ಲು ತಾಯಿ" ಎಂದರು. ಮಾರಸಿಂಗ ಮುಂದೆ ನಿಂತ.

ದ್ಯಾಮಿ ಮತ್ತೆ ಬಾಚರಸನ ಹತ್ತಿರ ಹೋದಳು.

"ಹಕ್ಕಿ ಗೋಡೆಯೊಳಗೆ ಇತ್ತೇ?"

"ಇಲ್ಲ ಒಡೆಯಾ. ಹೊರಗೆ, ಹುಣಸೆ ಮರದಲ್ಲಿ."

"ನನ್ನ ನಿಯಮ ಗೋಡೆಯವರೆಗೆ ಮಗು. ಮರ ನನ್ನದಲ್ಲ."

ಮೂರನೆಯ ಸಲ. ಅರಮನೆಯ ಕಣಜದ ಆಳುಗಳು ಮೂವರು ಆ ದಾರಿಯಲ್ಲಿ ಹೋಗುತ್ತಿದ್ದರು. ದ್ಯಾಮಿಯ ದನಿ ಯಾರಿಗೋ ಗುಟ್ಟು ಹೇಳಿದ ಹಾಗೆ ಹೇಳಿತು. "ನಮ್ಮವ್ವ ಕಣಜದ ಬುಟ್ಟಿಗೆ ಎರಡು ತಳ ಹೆಣೆಯುತ್ತಾಳೆ. ಅವುಗಳ ನಡುವೆ ಅರಮನೆಯ ಅಕ್ಕಿ ನಮ್ಮ ಮನೆಗೆ ಬರುತ್ತದೆ."

ಮೂವರ ಕಿವಿಗೆ ಬಿತ್ತು. ನಿಜವಾಯಿತು. ಸಂಕವ್ವನ ತಲೆಯ ಮೇಲೆ ಅವಳೇ ಹೆಣೆದ ಬುಟ್ಟಿಯನ್ನು ಬೋರಲು ಹಾಕಿ, ಬೆಳಗಿನಿಂದ ಸಂಜೆಯವರೆಗೆ ಪೇಟೆಯಲ್ಲಿ ನಿಲ್ಲಿಸಿದರು. ಅವಳ ಬುಟ್ಟಿಗಳನ್ನು ಬಿಚ್ಚಿ ನೋಡಿದ್ದರೆ ಒಂದೇ ತಳ ಸಿಗುತ್ತಿತ್ತು. ಕಿವಿ ಕೇಳಿದ ಮೇಲೆ ಕಣ್ಣಿಗೆ ಕೆಲಸವಿಲ್ಲ ಎಂದರು.

ಮೂರನೆಯ ಸಲವೂ ದ್ಯಾಮಿ ಹೋದಳು.

"ಹಕ್ಕಿ ಹೇಳಿತು ಎನ್ನಲು ಮೂವರು ಸಾಕ್ಷಿ ಇದ್ದಾರೆಯೇ?"

"ಅವರು ಕೇಳಿದ್ದು ನನ್ನ ದನಿ ಒಡೆಯಾ."

"ಅದನ್ನೇ ನಾನೂ ಹೇಳುತ್ತಿರುವುದು."

ಮನೆಗೆ ಬಂದಳು. ಸಂಕವ್ವ ಕೇಳಿದಳು. "ನೀನು ಹೇಳಿದೆಯಾ ಮಗಳೇ?"

"ಇಲ್ಲ ಅವ್ವಾ."

ಸಂಕವ್ವ ನಂಬಿದಳು. ಆದರೆ ನಂಬುವ ಮೊದಲು ಒಂದು ಗಳಿಗೆ ಮಗಳ ಮುಖ ನೋಡಿದಳು. ಆ ಗಳಿಗೆಯನ್ನು ದ್ಯಾಮಿ ಕಂಡಳು. ಆ 'ಇಲ್ಲ ಅವ್ವಾ' ಎಂಬುದೇ ಅವಳು ಕೊನೆಯದಾಗಿ ಆಡಿದ ಮಾತು. ಮರುದಿನ ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಶಾಲೆಗೆ ಬರುತ್ತಿದ್ದಳು, ಹಿಂದಿನ ಸಾಲಿನಲ್ಲಿ ತುಟಿ ಮುಚ್ಚಿ ನಿಲ್ಲುತ್ತಿದ್ದಳು.

ಶಾಲೆಯಲ್ಲಿ ಗಂಟೆ ಹೊಡೆದು ಕಸ ಗುಡಿಸುತ್ತಿದ್ದವಳು ಈರಜ್ಜಿ. ಮಾರಸಿಂಗ ಹಕ್ಕಿಯ ಕಿವಿಯಲ್ಲಿ ಉಸುರಿದ್ದನ್ನು ಹುಣಸೆ ಎಲೆ ಗುಡಿಸುವಾಗ ನೋಡಿದ್ದಳು. ಆದರೆ ಅವಳು ಒಬ್ಬಳು. ಬೇಕಾದದ್ದು ಮೂವರು. ಅವಳು ಪಂಜರದ ಹತ್ತಿರ ಹೋದಳು.

"ಲೋ ಗೊರವಂಕ, ಆ ಮಗುವಿಗೆ ಹೀಗೆ ಮಾಡಬಹುದಾ?"

"ಹೇಳಿಸಿದ್ದನ್ನು ಹೇಳಿದೆ ಅಜ್ಜಿ" ಎಂದಿತು ಗೊರವಂಕ. "ನಿಜ ಹೇಳಿದರೂ ಹಿಡಿ ಕಾಳು, ಸುಳ್ಳು ಹೇಳಿದರೂ ಹಿಡಿ ಕಾಳು."

"ನಿನ್ನ ಯಜಮಾನನ ಅಪ್ಪನ ದನಿ ಬರುತ್ತಾ?"

"ಅವರ ಮನೆಯಲ್ಲೇ ಇರುವವನು ನಾನು. ಗೊರಕೆಯೂ ಬರುತ್ತದೆ."

"ಹಾಗಾದರೆ ಎರಡು ಹಿಡಿ ಕೊಡುತ್ತೇನೆ" ಎಂದಳು ಈರಜ್ಜಿ.

ವಿಜಯದಶಮಿಯ ದಿನ ಮಕ್ಕಳ ಮಗ್ಗಿ ಕೇಳಲು ಅರಸ ಶಾಲೆಗೆ ಬರುವುದು ಪದ್ಧತಿ. ಅರಸ ಬಂದ. ಜೊತೆಗೆ ಸೇನಾಪತಿ, ಪುರೋಹಿತ. ಗೋಡೆಯ ಬಳಿ ಪಲ್ಲಕ್ಕಿ ಇಳಿಯಿತು. ಬಾಚರಸ ಕಾಲು ತೊಳೆಯಲು ಹೊಳೆಗೆ ಹೋಗಿದ್ದ. ಆಗ ಹುಣಸೆ ಮರದ ಕಡೆಯಿಂದ ಬಾಚರಸನ ದನಿ ಕೇಳಿತು.

"ಅರಸನಿಗೆ ಹದಿನಾರರ ಮಗ್ಗಿ ಎಲ್ಲಿ ಬರುತ್ತದೆ? ನಾನು ಬರೆದದ್ದಕ್ಕೆ ಮುದ್ರೆ ಒತ್ತುವ ಮರದ ಗೊಂಬೆ ಅವನು."

ಅರಸ ಕೇಳಿದ. ಸೇನಾಪತಿ ಕೇಳಿದ. ಪುರೋಹಿತ ಕೇಳಿದ. ಮೂವರು.

ಬಾಚರಸ ಒದ್ದೆ ಕಾಲಲ್ಲೇ ಓಡಿ ಬಂದ. "ಮಹಾಸ್ವಾಮಿ, ಅದು ನಾನಲ್ಲ. ಹಕ್ಕಿ."

ಈರಜ್ಜಿ ಪೊರಕೆ ಹಿಡಿದೇ ಮುಂದೆ ಬಂದಳು. "ಹಕ್ಕಿ ಪಾಠ ಒಪ್ಪಿಸಿತಾ ಬುದ್ಧಿ?"

"ಇಲ್ಲ."

"ಗೋಡೆಯೊಳಗೆ ಇತ್ತಾ?"

"ಇಲ್ಲ."

"ಹಕ್ಕಿ ಹೇಳಿತು ಅನ್ನೋಕೆ ಮೂವರು ಸಾಕ್ಷಿ ಇದ್ದಾರಾ?"

ಬಾಚರಸ ತಾನೇ ದ್ಯಾಮಿಗೆ ಕೇಳಿದ್ದ ಮೂರು ಪ್ರಶ್ನೆ ಅವು. ಈರಜ್ಜಿ ಎಲ್ಲವನ್ನೂ ಅರಸನಿಗೆ ಹೇಳಿದಳು. ಅರಸ ಪಂಜರ ತರಿಸಿದ. ಒಂದು ಹಿಡಿ ಕಾಳಿಗೆ ಹಕ್ಕಿ ಮಾರಸಿಂಗ ಉಸುರಿದ್ದನ್ನೆಲ್ಲ ಮಾರಸಿಂಗನ ದನಿಯಲ್ಲೇ ಹೇಳಿತು. ಮಾರಸಿಂಗ ತಲೆ ತಗ್ಗಿಸಿ ಹೌದು ಎಂದ.

ಮೂವರ ಕಿವಿಯ ಕಟ್ಟಳೆ ಆ ದಿನ ಹೋಯಿತು. ಬಾಚರಸನ ಅಧಿಕಾರದ ಮುದ್ರೆ ಹೋಯಿತು. ಮಾರಸಿಂಗ ಮರುದಿನ ಸಂಕವ್ವ ನಿಂತ ಜಾಗದಲ್ಲೇ ನಿಂತು, ತಾನು ಮಾಡಿದ್ದನ್ನು ಬೆಳಗಿನಿಂದ ಸಂಜೆಯವರೆಗೆ ತನ್ನ ಬಾಯಿಂದಲೇ ಹೇಳಬೇಕೆಂದಾಯಿತು. ಪಾರಿ ಚಾಪೆಯನ್ನು ಮತ್ತೆ ಎಳೆದು ತಂದು ದ್ಯಾಮಿಯ ಪಕ್ಕಕ್ಕೆ ಹಾಸಿದಳು.

"ಈಗ ಮುಂದೆ ಬಾರಮ್ಮ. ಮಗ್ಗಿ ಹೇಳು" ಎಂದ ಅರಸ.

ದ್ಯಾಮಿ ಮುಂದೆ ಬಂದಳು. ಬಾಯಿ ತೆರೆದಳು. ಪಂಜರದ ಕಡೆ ನೋಡಿ ಮುಚ್ಚಿದಳು. ಪಂಜರವನ್ನು ಆಚೆ ಒಯ್ದರು. ಆಗಲೂ ಇಲ್ಲ. ಗುರುಗಳು ಕಣ್ಣೀರಿಟ್ಟು ಕೇಳಿದರು. ಆಗಲೂ ಇಲ್ಲ. ಅವಳು ಕೂತು ಮರಳಿನ ಮೇಲೆ ಬೆರಳಿನಿಂದ ಬರೆದಳು. "ನಾನು ಮಾತಾಡಿದರೆ ಅದು ಕಲಿಯುತ್ತದೆ."

ಅರಸನಿಗೆ ಸಿಟ್ಟು ಬಂತು. "ಆ ಹಕ್ಕಿಯ ಕತ್ತು ಮುರಿಯಿರಿ" ಎಂದ.

ಮಗ್ಗಿ ಕೇಳಲು ಬಂದಿದ್ದ ಸಂಕವ್ವ ಅಡ್ಡ ಬಂದಳು. "ಬೇಡಿ ಮಹಾಸ್ವಾಮಿ. ನನ್ನ ಮಗಳ ದನಿ ಈಗ ಇರುವುದು ಅದರ ಹತ್ತಿರ ಮಾತ್ರ."

ಪಂಜರವನ್ನು ಅವಳಿಗೆ ಕೊಟ್ಟರು. ಹೊಳೆ ದಾಟಿ ಮನೆಗೆ ಒಯ್ದಳು. ಒಂದೇ ಒಂದು ಸಲ, ಮಗಳು ಶಾಲೆಗೆ ಹೋದಾಗ, "ಅವ್ವಾ ಅನ್ನು" ಎಂದು ಅದರ ಕಿವಿಯಲ್ಲಿ ಉಸುರಿದಳು. ಅದು ಅಂದಿತು. ಸಂಕವ್ವ ಅದಕ್ಕೆ ಹಿಡಿ ಕಾಳು ಹಾಕಿ, ಪಂಜರದ ಮೇಲೆ ಬುಟ್ಟಿ ಮುಚ್ಚಿದಳು. ಆಮೇಲೆ ಅದನ್ನು ಕೇಳಲಿಲ್ಲ. ಈಗ ಅವಳು ನೆರಳು ನೋಡಿ ಒಲೆ ಹಚ್ಚುತ್ತಾಳೆ.

ಇದರ ನೀತಿ ಇಷ್ಟು ಮಕ್ಕಳೇ. ದನಿ ಕದ್ದವನನ್ನು ಹಿಡಿಯಬಹುದು, ದನಿಯನ್ನು ಹಿಡಿದು ತರಲಾಗದು. ನಿಯಮ ಬರೆಯುವವನು ಹಕ್ಕಿಯ ಕೊಕ್ಕನ್ನು ನೋಡುವ ಮೊದಲು ಮಗುವಿನ ಮುಖ ನೋಡಬೇಕು. ಮಗು ಮೊದಲ ಸಲ ಬಂದಾಗಲೇ ನೋಡಬೇಕು.

ಆ ಶಾಲೆಯಲ್ಲಿ ಈಗಲೂ ಸಂಜೆ ಗಂಟೆ ಹೊಡೆದ ಮೇಲೆ ಮಗ್ಗಿ ಹೇಳುತ್ತಾರೆ. ಸಾಲಿನಲ್ಲಿ ನಿಲ್ಲುವ ಮಕ್ಕಳು ನಲವತ್ತೊಂದು. ಕೇಳುವ ದನಿ ನಲವತ್ತು.